ಹೆಗಲ ಮೇಲಿನ ಆಸನ

ಎರೆಮಣ್ಣಿನ ಸೀಮೆಯಲ್ಲಿ ಸುಗ್ಗಿ ಮುಗಿಯಿತೆಂದರೆ ಜಾತ್ರೆಗಳ ಸಂಭ್ರಮ. ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಗ್ರಾಮಗಳಲ್ಲಿ ಜಾತ್ರೆಯೆಂದರೆ ತೇರೊಂದೇ ಅಲ್ಲ. ಬೆಂಡು-ಬೆತ್ತಾಸಿನ ಅಂಗಡಿ, ತಿರುಗುವ ತೊಟ್ಟಿಲು, ಬೆಳಗಾಗುವವರೆಗಿನ ನಾಟಕ ಎಲ್ಲವೂ ಉಂಟು. ನಡೆಯಲಾರದ ಮಗುವನ್ನು ತಂದೆ ಹೆಗಲ ಮೇಲೆ ಕೂಡಿಸಿಕೊಂಡು ಬರುತ್ತಾನೆ. “ದಾರಿ ಬಿಡ್ರಿ, ಪಾಪ ಹುಡುಗ” ಎಂದು ಜನ ಸರಿದು ನಿಲ್ಲುತ್ತಾರೆ. ತೇರು ಎಲ್ಲರಿಗಿಂತ ಚೆನ್ನಾಗಿ ಕಾಣುವುದು ಆ ಮಗುವಿಗೇ!

ಆದರೆ ಹುಡುಗನಿಗೆ ಹದಿನಾಲ್ಕು ತುಂಬಿ, ತಂದೆಯ ಹೆಗಲು ಸೋತ ಮೇಲೆ ಆ ಆಸನ ಎಲ್ಲಿ ಉಳಿಯಿತು? ಅಂದಿನಿಂದ ಅವನ ಪಾಲಿಗೆ ಜಾತ್ರೆಯೆಂದರೆ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುವ ದೂರದ ಡೊಳ್ಳಿನ ಸದ್ದು ಮಾತ್ರ.

ಈ ಸೀಮೆಯ ಜನ ನಿರ್ದಯರಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಇದಕ್ಕೆ ಸಾಕ್ಷಿ. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ, ಅವರ ಬಳಿಕ ಅಂಧರೇ ಆದ ಪುಟ್ಟರಾಜ ಗವಾಯಿಗಳೂ ಅಲ್ಲಿ ನೂರಾರು ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಆಶ್ರಮದ ಪೋಷಣೆಗಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು; ಅದೇ ವರ್ಷದ ಸೆಪ್ಟೆಂಬರದಲ್ಲಿ ಅವರು ಲಿಂಗೈಕ್ಯರಾದರು. ಕಣ್ಣಿಲ್ಲದವರನ್ನು ರಂಗದ ಮೇಲೆ ಪೀಠವಿತ್ತು ಗೌರವಿಸಿದ ನಾಡಿದು. ಆದರೆ ಅದೇ ನಾಟಕವನ್ನು ನೋಡಬಯಸುವ ಕಾಲಿಲ್ಲದ ಪ್ರೇಕ್ಷಕ ಎಲ್ಲಿ ಕುಳಿತುಕೊಳ್ಳಬೇಕೆಂಬ ವಿಚಾರ ಇನ್ನೂ ಹಿಂದುಳಿದಿದೆ.

ಜಾತ್ರೆಯ ಸಂತೋಷ ಈಗ ವರುಷವಿಡೀ ತೆರೆದಿರುವ ಉದ್ಯಾನಗಳಿಗೂ ಹಬ್ಬಿದೆ. ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಗೊಟಗೋಡಿಯಲ್ಲಿ ಗ್ರಾಮಜೀವನದ ಶಿಲ್ಪಗಳ ಉತ್ಸವ ರಾಕ್ ಗಾರ್ಡನ್ ಇದೆ. ಬಿಡದಿಯ ಬಳಿ 2005ರಿಂದ ವಂಡರ್‌ಲಾ ಇದೆ. ಶಾಲೆಯ ಪ್ರವಾಸವೆಂದರೆ ಮಕ್ಕಳು ಕನಸು ಕಾಣುವುದು ಇಂಥ ತಾಣಗಳನ್ನೇ. ಪ್ರವಾಸದ ಬಸ್ಸು ಹೊರಟಾಗ ಊರಿನಲ್ಲಿಯೇ ಉಳಿಯುವ ಮಗು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಇಂಥವರ ಪರವಾಗಿ ಕಾನೂನು ಉಂಟು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಮೊದಲು 7 ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಏರಿತು. ಉದ್ಯೋಗ, ಶಿಕ್ಷಣಗಳಂತೆ ಕಲೆ ಮತ್ತು ಮನರಂಜನೆಯೂ ಅವರ ಹಕ್ಕೆಂದು 29ನೆಯ ಕಲಮು ಸಾರುತ್ತದೆ. ಸೇವೆ ಒದಗಿಸುವ ಖಾಸಗಿಯವರೂ ಈ ಹೊಣೆಯಿಂದ ಹೊರತಲ್ಲ. ಆದರೆ ಅಧಿನಿಯಮದಡಿಯ ನಿಯಮಗಳು ಕಡ್ಡಾಯವಾಗಿರದೆ ಬರಿಯ ಸಲಹೆಗಳಂತಿವೆಯೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಹೇಳಿತು. ಕಡ್ಡಾಯದ ಮಾನದಂಡಗಳನ್ನು ರೂಪಿಸಲು ಕೇಂದ್ರ ಸರಕಾರಕ್ಕೆ ಮೂರು ತಿಂಗಳ ಅವಧಿ ಕೊಟ್ಟಿತು.

ಉದ್ಯಾನವೊಂದು ಹೇಗಿರಬಹುದೆಂಬುದಕ್ಕೆ ಅಮೆರಿಕೆಯಲ್ಲೊಂದು ನಿದರ್ಶನವಿದೆ. ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದ ಗೋರ್ಡನ್ ಹಾರ್ಟ್‌ಮನ್ ಎಂಬ ಉದ್ಯಮಿ ತನ್ನ ವಿಕಲಚೇತನ ಮಗಳು ಮಾರ್ಗನ್‌ಳ ಹೆಸರಿನಲ್ಲಿ 2010ರಲ್ಲಿ ‘ಮಾರ್ಗನ್ಸ್ ವಂಡರ್‌ಲ್ಯಾಂಡ್’ ತೆರೆದನು. ಈಜುಕೊಳದಲ್ಲಿ ಮಗಳು ಇತರ ಮಕ್ಕಳೊಡನೆ ಆಡಲು ಹೋದಾಗ ಅವರು ಅಲ್ಲಿಂದ ಹೊರಟುಹೋದುದನ್ನು ಕಂಡ ನೋವೇ ಈ ಉದ್ಯಾನದ ಮೂಲ. ಅಲ್ಲಿ ಗಾಲಿಕುರ್ಚಿಯಿಂದ ಇಳಿಯದೆಯೇ ಜೋಕಾಲಿಯಾಡಬಹುದು. 2017ರಲ್ಲಿ ಆರಂಭವಾದ ಜಲಕ್ರೀಡೆಯ ವಿಭಾಗದಲ್ಲಿ ನೀರಿಗೆ ಕೆಡದ, ಗಾಳಿಯ ಒತ್ತಡದಿಂದ ಓಡುವ ಗಾಲಿಕುರ್ಚಿಗಳಿವೆ. ವಿಕಲಚೇತನರಿಗೆ ಪ್ರವೇಶ ಉಚಿತ. ಉಳಿದವರೂ ಬರುತ್ತಾರೆ, ಜೊತೆಗೂಡಿ ಆಡುತ್ತಾರೆ.

ಸೌಲಭ್ಯವಿದ್ದಲ್ಲಿ ದುರುಪಯೋಗವೂ ತಲೆಯೆತ್ತುವುದುಂಟು. ಡಿಸ್ನಿ ಉದ್ಯಾನಗಳಲ್ಲಿ ವಿಕಲಚೇತನರಿಗೆ ಕೊಡುತ್ತಿದ್ದ ವಿಶೇಷ ಚೀಟಿಯನ್ನು ಬೇರೆಯವರು ಸರದಿ ತಪ್ಪಿಸಲು ಬಳಸತೊಡಗಿದ್ದರಿಂದ 2013ರ ಅಕ್ಟೋಬರದಲ್ಲಿ ಅದು ನಿಂತುಹೋಯಿತು. ಬದಲಿಗೆ ಬಂದ ಪದ್ಧತಿ ಸರಳವಾಗಿತ್ತು: ಸಾಲಿನಲ್ಲಿ ನಿಲ್ಲಲಾರದವರಿಗೆ, ಸಾಲು ಎಷ್ಟು ಉದ್ದವಿದೆಯೋ ಅಷ್ಟು ಹೊತ್ತಿನ ಬಳಿಕ ಮರಳಿ ಬರುವ ವೇಳೆಯನ್ನು ಗೊತ್ತುಮಾಡಿ ಕೊಡುವುದು. ಕಾಯುವುದು ತಪ್ಪುತ್ತಿರಲಿಲ್ಲ, ನಿಲ್ಲುವುದು ತಪ್ಪುತ್ತಿತ್ತು.

ಎಲ್ಲ ಆಟಗಳೂ ಎಲ್ಲರಿಗೂ ಸಾಧ್ಯವಿಲ್ಲವೆಂಬುದು ನಿಜ. ರಭಸದಿಂದ ತಿರುಗುವ ಯಂತ್ರದಲ್ಲಿ ಗಟ್ಟಿಯಾಗಿ ಹಿಡಿದು ಕೂಡ್ರಬೇಕು. ಯಂತ್ರ ಮೇಲೆಯೇ ನಿಂತುಹೋದರೆ ಇಳಿದು ಬರಬೇಕು. ಆದುದರಿಂದ ಕೆಲವೊಮ್ಮೆ ಬೇಡವೆನ್ನುವುದು ಅನಿವಾರ್ಯ. ಆದರೆ ಅದನ್ನು ಟಿಕೆಟ್ ಕೊಳ್ಳುವ ಮೊದಲೇ ಕಾರಣಸಹಿತ ತಿಳಿಸುವುದು ಬೇರೆ. ಬಿಸಿಲಿನಲ್ಲಿ ಕಾಯಿಸಿ, ನಾಲ್ಕು ಜನರೆದುರು ತಿರುಗಿ ಕಳಿಸುವುದು ಬೇರೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಅವಮಾನ.

ಯರಗುಪ್ಪಿಯಂಥ ಊರಿನ ಜಾತ್ರೆಗೆ ಲಕ್ಷಗಟ್ಟಲೆ ಹಣದ ಯಂತ್ರಗಳು ಬೇಕಾಗಿಲ್ಲ. ನಾಟಕದ ಚಪ್ಪರದಲ್ಲಿ ಮುಂಬದಿಗೆ ಸಮತಟ್ಟಾದ ಒಂದಿಷ್ಟು ಜಾಗ, ಹೊಸ್ತಿಲು ದಾಟಲು ಒಂದು ಅಗಲವಾದ ಹಲಗೆ, ತಾಯಿಯೋ ತಮ್ಮನೋ ಪಕ್ಕದಲ್ಲಿ ಕೂಡ್ರಲು ಎಡೆ—ಇಷ್ಟಾದರೆ ಸಾಕು. ಮನೆಯವರಿಂದ ಅಗಲಿಸಿ ಮೂಲೆಯಲ್ಲಿ ಕೂಡಿಸುವ ಕುರ್ಚಿಗೆ ಮೀಸಲು ಆಸನವೆಂಬ ಹೆಸರು ಒಪ್ಪದು.

ತಂದೆಯ ಹೆಗಲು ಮಮತೆಯ ಆಸನ. ಆದರೆ ಅದು ಹೆಚ್ಚು ಕಾಲ ಬಾಳದು. ಆ ಹೆಗಲು ಬಾಗುವ ಮೊದಲೇ ಊರು ಆ ಹುಡುಗನಿಗೆ ತನ್ನ ನಡುವೆ ಒಂದು ಸ್ಥಳವನ್ನು ಸಿದ್ಧಪಡಿಸಿದರೆ, ಬರುವ ವರುಷದ ಜಾತ್ರೆಯಲ್ಲಿ ತಂದೆ-ಮಗ ಇಬ್ಬರೂ ಒತ್ತಟ್ಟಿಗೆ ಕುಳಿತು ನಾಟಕ ನೋಡಿಯಾರು.