ಪರರ ಹಾಡು, ನಮ್ಮ ಕಂಠ

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಮದ್ದಳೆ ಬಾರಿಸುವ ಸ್ತ್ರೀಯನ್ನೂ, ಹಳೇಬೀಡಿನ ಗೋಡೆಗಳಲ್ಲಿ ವಾದ್ಯಗಳೊಡನೆ ನಿಂತ ಮೇಳಗಳನ್ನೂ ಈ ಶಾಲೆಯ ಅನೇಕ ವಿದ್ಯಾರ್ಥಿನಿಯರು ಕಂಡಿರುವರು. ಕಲ್ಲಿನಲ್ಲಿ ಸ್ತ್ರೀಗೆ ದೊರೆತ ಆ ಸ್ಥಾನವು ಊರಿನ ವಾದ್ಯಗೋಷ್ಠಿಯಲ್ಲಿ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಜನರು ಆರ್ಕೆಸ್ಟ್ರಾ ಎಂದು ಕರೆಯುವ ಈ ಗೋಷ್ಠಿಯು ಹೇಗೆ ಆರಂಭವಾಗುತ್ತದೆ, ಅದರಲ್ಲಿ ಹೆಣ್ಣುಮಕ್ಕಳ ಪಾಡೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಅರಸೀಕೆರೆಯಂತಹ ಊರುಗಳಲ್ಲಿ ಗಣೇಶೋತ್ಸವದ ಪೆಂಡಾಲೇ ಇಂತಹ ಗೋಷ್ಠಿಗಳ ಪಾಠಶಾಲೆ. ಹಾರ್ಮೋನಿಯಂ ಬಲ್ಲವನೊಬ್ಬ, ತಬಲಾದವನೊಬ್ಬ, ಕಂಠವುಳ್ಳವರಿಬ್ಬರು ಸೇರಿದರೆ ಸಾಕು. ಹಿಂದೆ ಗ್ರಾಮಫೋನು ತಟ್ಟೆಯಿಂದ, ತರುವಾಯ ಕ್ಯಾಸೆಟ್ಟಿನಿಂದ, ಈಗ ಮೊಬೈಲಿನಿಂದ ಸಿನಿಮಾ ಹಾಡನ್ನು ಮತ್ತೆ ಮತ್ತೆ ಕೇಳಿ, ಚರಣಗಳ ನಡುವಣ ವಾದ್ಯಭಾಗವನ್ನು ಸರಿಗಮದಲ್ಲಿ ಬರೆದುಕೊಳ್ಳುವರು. ಗೋಷ್ಠಿಯವರ ಮಾತಿನಲ್ಲಿ ಅದಕ್ಕೆ ‘ಬಿಟ್’ ಎಂದು ಹೆಸರು. ಒಂದು ಬಿಟ್ ತಪ್ಪಿದರೆ ಶಿಳ್ಳೆ ಬೀಳುವುದು! ಈ ಅಚ್ಚೊತ್ತಿದಂತಹ ಅನುಕರಣೆಗೆ ಜನರು ಕೊಡುವ ಬೆಲೆ ಅತಿಯಾಯಿತೆಂದು ನನ್ನ ಅಭಿಪ್ರಾಯ.

ಕಷ್ಟವಿರುವುದು ಬೇರೆಡೆಯಲ್ಲಿ. ಗಂಡಸಿಗೆ ಹಿತವಾದ ಶ್ರುತಿ ಹೆಂಗಸಿಗೆ ಹಿತವಲ್ಲ. ಆತನು ಒಂದು ಮನೆ ಶ್ರುತಿಯಲ್ಲಿ ಹಾಡಿದರೆ ಆಕೆಗೆ ಐದು ಮನೆ ಬೇಕು. ಯುಗಳಗೀತೆಯಲ್ಲಿ ಇಬ್ಬರಿಗೂ ಶ್ರುತಿ ಒಂದೇ ಆದುದರಿಂದ ಹುಡುಗಿಯು ತಾರಸ್ಥಾಯಿಗೆ ಏರಿಯೇ ತೀರಬೇಕು. ಧ್ವನಿ ಒಡೆದರೆ ಬೈಗುಳವು ಆಕೆಗೆ, ಶ್ರುತಿಯನ್ನು ಗೊತ್ತುಮಾಡಿದವನಿಗಲ್ಲ.

ಇದನ್ನು ಕೀಳಾದ ವಿದ್ಯೆಯೆಂದು ತಿಳಿಯಬಾರದು. ಮೈಸೂರಿನ ಸಹೋದರರಾದ ರಾಜನ್ ಮತ್ತು ನಾಗೇಂದ್ರರು ಬೆಂಗಳೂರಿನ ಜಯ ಮಾರುತಿ ಆರ್ಕೆಸ್ಟ್ರಾದಲ್ಲಿ ಪಳಗಿದವರು. 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಮೊದಲುಗೊಂಡು ಅವರೇ ಹಾಡುಗಳನ್ನು ಕಟ್ಟಿದರು. ಮುಂದೆ ಅವರ ಹಾಡುಗಳನ್ನು ಊರೂರಿನ ಗೋಷ್ಠಿಗಳು ನಕಲು ಮಾಡಿದವು.

ಅಮೆರಿಕದ ಕಪ್ಪು ಜನರ ‘ಸೋಲ್’ ಸಂಗೀತದಲ್ಲಿಯೂ ಪರರ ಹಾಡನ್ನು ಹಾಡುವ ವಾಡಿಕೆ ಉಂಟು. ಸೋಲ್ ಎಂದರೆ ಆತ್ಮ. ಅದರ ಬೇರು ಅಲ್ಲಿನ ಸಭೆಗಳ ಆರಾಧನೆಯಲ್ಲಿದೆ. ಒಬ್ಬರು ಒಂದು ಸಾಲನ್ನು ಎತ್ತಿಕೊಳ್ಳುವರು, ಸಭೆಯೆಲ್ಲ ಉತ್ತರ ಕೊಡುವುದು. 1954ರಲ್ಲಿ ರೇ ಚಾರ್ಲ್ಸ್ ಎಂಬ ಅಂಧ ಗಾಯಕರು ಈ ರೀತಿಯನ್ನು ಲೌಕಿಕ ಗೀತಕ್ಕೆ ತಂದಾಗ ಭಕ್ತರಲ್ಲಿ ಹಲವರು ಮುನಿದರು. ಅರೀಥಾ ಫ್ರಾಂಕ್ಲಿನ್ ಸಭಾಪಾಲಕರ ಮಗಳು. ಡೆಟ್ರಾಯಿಟಿನಲ್ಲಿ ತಂದೆಯ ಸಭೆಯಲ್ಲಿ ಹಾಡಿ ಬೆಳೆದವರು. ‘ರೆಸ್ಪೆಕ್ಟ್’ ಎಂಬ ಅವರ ಹೆಸರಾಂತ ಹಾಡು ಅವರದಲ್ಲ. ಅದನ್ನು ಓಟಿಸ್ ರೆಡ್ಡಿಂಗ್ ಬರೆದು 1965ರಲ್ಲಿ ಹಾಡಿದ್ದರು. ದುಡಿದು ಮನೆಗೆ ಬರುವ ಗಂಡಸು ಮರ್ಯಾದೆ ಕೇಳುವ ಹಾಡು ಅದು. 1967ರಲ್ಲಿ ಅರೀಥಾ ಅದನ್ನೇ ಹಾಡಿದರು. ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗವನ್ನು ಸೇರಿಸಿದರು. ಹಿಂದಿನಿಂದ ಸೋದರಿಯರು ಉತ್ತರ ಕೊಟ್ಟರು. ಕೇಳುವವಳು ಹೆಣ್ಣಾದ ಕೂಡಲೇ ಅರ್ಥವೇ ತಿರುಗಿಹೋಯಿತು. ಈ ಹಾಡನ್ನು ಮೊದಲು ಗಂಡಸೊಬ್ಬನು ಹಾಡಿದ್ದನೆಂಬುದು ಈಗ ಬಹುಮಂದಿಗೆ ತಿಳಿಯದು.

ನಮ್ಮ ಕಡೆಯ ಗೋಷ್ಠಿಯೊಂದು ಇಂತಹ ಹಾಡನ್ನು ಕೈಗೊಂಡರೆ ಎರಡು ತೊಡಕುಗಳುಂಟು. ನಾಲ್ಕು ಎಣಿಕೆಯಲ್ಲಿ ನಾವು ಮೊದಲನೆಯದಕ್ಕೆ ಒತ್ತು ಕೊಡುವೆವು. ಅವರ ಚಪ್ಪಾಳೆ ಬೀಳುವುದು ಎರಡಕ್ಕೆ ಮತ್ತು ನಾಲ್ಕಕ್ಕೆ. ಇದು ವಾರವೆರಡರ ಅಭ್ಯಾಸದಿಂದ ಬರುತ್ತದೆ. ಎರಡನೆಯದು ಸ್ವರದ ತೊಡಕು. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ತೂಗುವ ಅವರ ಗಾಂಧಾರವು ಹಾರ್ಮೋನಿಯಂ ಮನೆಗಳಲ್ಲಿ ಸಿಕ್ಕದು. ಗಮಕ ಕಲಿತ ಹುಡುಗಿಯ ಕಂಠದಲ್ಲಿ ಸಿಕ್ಕೀತು. ಶಾಲೆಯ ಗಾನವೃಂದದಲ್ಲಿ ಕೆಳಧ್ವನಿಯ ಪಾಠವನ್ನು ಹಾಡಿದ ಇಬ್ಬರು ಉತ್ತರ ಕೊಡಲು ನಿಲ್ಲಲಿ, ಒಬ್ಬಳು ಎತ್ತಿಕೊಳ್ಳಲಿ. ಶ್ರುತಿಯನ್ನು ಆಕೆಯೇ ಗೊತ್ತುಮಾಡಲಿ. ಗಾಂಧಾರ ಬಂದಾಗ ಹಾರ್ಮೋನಿಯಂನವನು ಕೈ ತೆಗೆದರೆ ಒಳ್ಳೆಯದು.