ಹೊಸ ಪ್ರೊಸೆಸರ್, ಹಳೆಯ ಕವಚ: ಮ್ಯಾಕ್‌ಬುಕ್ ಪ್ರೊ ಪರಿಷ್ಕರಣೆ ಕೋಲಾಹಲ ಎಬ್ಬಿಸಿದ್ದೇಕೆ?

2018ರ ಜುಲೈ 12ರಂದು ಅಮೆರಿಕದ ಆಪಲ್ ಕಂಪನಿಯು ವೃತ್ತಿಪರರಿಗಾಗಿ ತಯಾರಿಸುವ 'ಮ್ಯಾಕ್‌ಬುಕ್ ಪ್ರೊ' ಲ್ಯಾಪ್‌ಟಾಪ್‌ನ ಪರಿಷ್ಕೃತ ಮಾದರಿಗಳನ್ನು ಮಾರುಕಟ್ಟೆಗೆ ಬಿಡುಗಡೆ ಮಾಡಿತು. ಅದಕ್ಕಾಗಿ ಯಾವುದೇ ಸಮಾರಂಭ ಏರ್ಪಡಿಸಿರಲಿಲ್ಲ. ಒಂದು ಪತ್ರಿಕಾ ಪ್ರಕಟಣೆಯಲ್ಲೇ ವಿಷಯ ಮುಗಿದಿತ್ತು. ಯಂತ್ರದ ಕವಚ, ಗಾತ್ರ, ಸಂಪರ್ಕ ಕಿಂಡಿಗಳು ಎಲ್ಲವೂ ಹಿಂದಿನಂತೆಯೇ ಇದ್ದವು. ಬದಲಾದದ್ದು ಒಳಗಿನ ಪ್ರೊಸೆಸರ್ ಹಾಗೂ ಇತರ ಕೆಲವು ಭಾಗಗಳು ಮಾತ್ರ. ಇಂತಹ ಸಾಧಾರಣ ಪರಿಷ್ಕರಣೆಯೊಂದು ಹನ್ನೆರಡೇ ದಿನಗಳಲ್ಲಿ ಕಂಪನಿಯು ಗ್ರಾಹಕರ ಕ್ಷಮೆ ಕೋರುವ ಹಂತಕ್ಕೆ ಹೋಗಿದ್ದೇಕೆ?

ಹೊಸದಾಗಿ ಸೇರಿಸಿದ ಭಾಗಗಳಿಗಿಂತ, ಬದಲಾಯಿಸದೆ ಬಿಟ್ಟ ಭಾಗಗಳಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆ. ಲ್ಯಾಪ್‌ಟಾಪನ್ನೇ ನಂಬಿ ಅನ್ನ ಸಂಪಾದಿಸುವ ತಂತ್ರಾಂಶ ತಜ್ಞರು, ವಿಡಿಯೋ ಸಂಕಲನಕಾರರು, ಛಾಯಾಗ್ರಾಹಕರು ಹಾಗೂ ಬರಹಗಾರರು ಎರಡು ವರ್ಷಗಳಿಂದ ಮುಂದಿಟ್ಟಿದ್ದ ಅಹವಾಲುಗಳಿಗೆ ಈ ಪರಿಷ್ಕರಣೆ ಎಷ್ಟರಮಟ್ಟಿಗೆ ಸ್ಪಂದಿಸಿತು ಎಂಬುದೇ ಚರ್ಚೆಯ ತಿರುಳಾಗಿತ್ತು.

ಸೇರಿದ್ದೇನು?

ಕಾಗದದ ಮೇಲೆ ನೋಡಿದರೆ ಬದಲಾವಣೆಗಳು ಕಡಿಮೆಯೇನಿರಲಿಲ್ಲ. 15 ಇಂಚಿನ ಮಾದರಿಯಲ್ಲಿ ನಾಲ್ಕು ಕೋರ್‌ಗಳ ಬದಲು ಇಂಟೆಲ್‌ನ ಆರು ಕೋರ್‌ಗಳ ಪ್ರೊಸೆಸರ್ ಬಂದಿತು. 13 ಇಂಚಿನ ಮಾದರಿಯಲ್ಲಿ ಕೋರ್‌ಗಳ ಸಂಖ್ಯೆ ಎರಡರಿಂದ ನಾಲ್ಕಕ್ಕೆ ಏರಿತು. ಹೆಚ್ಚು ಹಣ ತೆರಲು ಸಿದ್ಧರಿರುವವರಿಗೆ 2.9 ಗಿಗಾಹರ್ಟ್ಸ್ ಮೂಲ ವೇಗದ, ಅಲ್ಪಾವಧಿಗೆ 4.8 ಗಿಗಾಹರ್ಟ್ಸ್ ವರೆಗೆ ಏರಬಲ್ಲ ಕೋರ್ ಐ9 ಪ್ರೊಸೆಸರ್ ಲಭ್ಯವಾಯಿತು. 15 ಇಂಚಿನ ಯಂತ್ರದ ಆರಂಭಿಕ ಬೆಲೆ 2,399 ಡಾಲರ್. 4 ಟಿಬಿ ಸಂಗ್ರಹ ಸೇರಿದಂತೆ ಎಲ್ಲ ಸೌಲಭ್ಯಗಳನ್ನೂ ಆಯ್ದುಕೊಂಡರೆ ಅದು 6,699 ಡಾಲರ್ ಮುಟ್ಟುತ್ತಿತ್ತು.

ಅತ್ಯಂತ ಹೆಚ್ಚು ಸ್ವಾಗತ ದೊರೆತದ್ದು 32 ಜಿಬಿ ಮೆಮೊರಿಗೆ. 2016ರಲ್ಲಿ ಈ ವಿನ್ಯಾಸ ಹೊರಬಂದಾಗ ಮೆಮೊರಿಯ ಗರಿಷ್ಠ ಮಿತಿ 16 ಜಿಬಿ ಆಗಿತ್ತು. ಇಂಟೆಲ್‌ನ ಅಂದಿನ ಪ್ರೊಸೆಸರ್‌ಗಳೊಂದಿಗೆ ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್3 ಮೆಮೊರಿಯನ್ನು 16 ಜಿಬಿಗಿಂತ ಹೆಚ್ಚು ಜೋಡಿಸುವಂತಿರಲಿಲ್ಲ. ಬೇರೆ ಬಗೆಯ ಮೆಮೊರಿ ಬಳಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ ಎಂದು ಆಪಲ್‌ನ ಅಂದಿನ ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಫಿಲ್ ಶಿಲ್ಲರ್ ಆಗ ಸಮಜಾಯಿಷಿ ನೀಡಿದ್ದರು. 2018ರಲ್ಲಿ ಕಂಪನಿಯು ಹೆಚ್ಚು ವಿದ್ಯುತ್ ಬೇಡುವ ಡಿಡಿಆರ್4 ಮೆಮೊರಿಯನ್ನೇ ಅಳವಡಿಸಿ, ಅದನ್ನು ಸರಿದೂಗಿಸಲು 15 ಇಂಚಿನ ಯಂತ್ರದ ಬ್ಯಾಟರಿಯನ್ನು 76ರಿಂದ 83.6 ವ್ಯಾಟ್-ಗಂಟೆಗೆ ಹೆಚ್ಚಿಸಿತು. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್‌ಗಳನ್ನು ನಡೆಸುವ ತಂತ್ರಾಂಶ ತಜ್ಞರ ಬೇಡಿಕೆಗೆ ಕಡೆಗೂ ಮನ್ನಣೆ ದೊರೆತಂತಾಯಿತು.

ಹಳೆಯ ಅಸಮಾಧಾನ

ಉಳಿದ ಅಹವಾಲುಗಳ ಮಾತು ಬೇರೆ. 2016ರ ಅಕ್ಟೋಬರ್ 27ರಂದು ಅನಾವರಣಗೊಂಡ ವಿನ್ಯಾಸದಲ್ಲಿ ಆಪಲ್ ಯಂತ್ರವನ್ನು ತೆಳುವಾಗಿಸಲು ಆದ್ಯತೆ ನೀಡಿತ್ತು. 15 ಇಂಚಿನ ಮಾದರಿಯ ದಪ್ಪ 18 ಮಿ.ಮೀ.ನಿಂದ 15.5 ಮಿ.ಮೀ.ಗೆ, ತೂಕ 2.04 ಕೆ.ಜಿ.ಯಿಂದ 1.83 ಕೆ.ಜಿ.ಗೆ ಇಳಿಯಿತು. ಅದರೊಂದಿಗೆ ಹಳೆಯ ಯುಎಸ್‌ಬಿ ಕಿಂಡಿ, ಎಚ್‌ಡಿಎಂಐ, ಛಾಯಾಗ್ರಾಹಕರ ಎಸ್‌ಡಿ ಕಾರ್ಡ್ ಕಿಂಡಿ, ಕಾಲಿಗೆ ತಂತಿ ಸಿಕ್ಕರೆ ತಾನಾಗಿ ಕಳಚಿಕೊಳ್ಳುವ 'ಮ್ಯಾಗ್‌ಸೇಫ್' ಚಾರ್ಜರ್ ಎಲ್ಲವೂ ಮಾಯವಾದವು. ಉಳಿದದ್ದು ಹೆಡ್‌ಫೋನ್ ಕಿಂಡಿ ಮತ್ತು ಯುಎಸ್‌ಬಿ-ಸಿ ಆಕಾರದ ಕಿಂಡಿಗಳು ಮಾತ್ರ. ಪ್ರತಿಭಟನೆ ಎಷ್ಟು ತೀವ್ರವಾಗಿತ್ತೆಂದರೆ, ಕೆಲವೇ ದಿನಗಳಲ್ಲಿ ಆಪಲ್ ತನ್ನ ಅಡಾಪ್ಟರ್‌ಗಳ ಬೆಲೆಯನ್ನು ವರ್ಷಾಂತ್ಯದವರೆಗೆ ಇಳಿಸಬೇಕಾಯಿತು. 19 ಡಾಲರ್‌ನ ಯುಎಸ್‌ಬಿ ಅಡಾಪ್ಟರ್ 9 ಡಾಲರ್‌ಗೆ ಸಿಗುವಂತಾಯಿತು.

ಕೀಲಿಮಣೆಯ ಮೇಲ್ಸಾಲಿನ ಗುಂಡಿಗಳ ಜಾಗದಲ್ಲಿ 'ಟಚ್ ಬಾರ್' ಎಂಬ ಸ್ಪರ್ಶಪಟ್ಟಿ ಬಂದಿತು. ಸಾಮಾನ್ಯ ಬಳಕೆದಾರರಿಗೆ ಇದು ಕೌತುಕದ ವಸ್ತು. ಆದರೆ 'ವಿಮ್'ನಂತಹ ಸಂಪಾದಕ ತಂತ್ರಾಂಶದಲ್ಲಿ ದಿನಕ್ಕೆ ನೂರಾರು ಬಾರಿ ಎಸ್ಕೇಪ್ ಗುಂಡಿ ಒತ್ತುವ ಪ್ರೋಗ್ರಾಮರ್‌ಗಳ ಪಾಲಿಗೆ, ಕಣ್ಣು ಹಾಯಿಸದೆ ಬೆರಳಿಗೆ ಸಿಗುತ್ತಿದ್ದ ಗುಂಡಿಯೊಂದು ಗಾಜಿನ ಮೇಲಿನ ಚಿತ್ರವಾಗಿಬಿಟ್ಟಿತು. 2018ರ ಪರಿಷ್ಕರಣೆ ಇದಾವುದನ್ನೂ ಮುಟ್ಟಲಿಲ್ಲ. ಮೇಲಾಗಿ, ಹಳೆಯ ಕಿಂಡಿಗಳನ್ನೆಲ್ಲ ಹೊಂದಿದ್ದು ಅಲ್ಲಿಯವರೆಗೂ ಮಾರಾಟದಲ್ಲಿದ್ದ 2015ರ 15 ಇಂಚಿನ ಮಾದರಿಯನ್ನು ಅದೇ ವೇಳೆಗೆ ಕಂಪನಿ ಹಿಂತೆಗೆದುಕೊಂಡಿತು. ಹೊಸತು ಬೇಡವೆನ್ನುವವರಿಗೆ ಇದ್ದ ಏಕೈಕ ಪರ್ಯಾಯವೂ ಇಲ್ಲವಾಯಿತು.

ಫ್ರೀಜರ್‌ನಲ್ಲಿ ಲ್ಯಾಪ್‌ಟಾಪ್!

ಬಿಡುಗಡೆಯಾದ ಒಂದು ವಾರದೊಳಗೆ ಡೇವ್ ಲೀ ಎಂಬ ಯೂಟ್ಯೂಬ್ ವಿಮರ್ಶಕರು ಪ್ರಕಟಿಸಿದ ವಿಡಿಯೋ ಚರ್ಚೆಯ ದಿಕ್ಕನ್ನೇ ಬದಲಿಸಿತು. ಅಡೋಬಿ ಪ್ರೀಮಿಯರ್ ತಂತ್ರಾಂಶದಲ್ಲಿ ಒಂದು ವಿಡಿಯೋವನ್ನು ಅಂತಿಮ ರೂಪಕ್ಕೆ ತರಲು ಹೊಸ ಐ9 ಯಂತ್ರಕ್ಕೆ 39 ನಿಮಿಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದೇ ಕೆಲಸವನ್ನು 2017ರ ಹಳೆಯ ಯಂತ್ರ ಸುಮಾರು 35 ನಿಮಿಷಗಳಲ್ಲಿ ಮುಗಿಸಿತ್ತು! ಹೊಸ ಲ್ಯಾಪ್‌ಟಾಪನ್ನು ಫ್ರೀಜರ್‌ನಲ್ಲಿಟ್ಟು ಮತ್ತೆ ಪರೀಕ್ಷಿಸಿದಾಗ ಕೆಲಸ ಸುಮಾರು 27 ನಿಮಿಷಗಳಲ್ಲಿ ಮುಗಿಯಿತು.

ಪ್ರೊಸೆಸರ್‌ಗೆ ಸಾಮರ್ಥ್ಯವಿದೆ, ಆದರೆ ಯಂತ್ರದ ಒಳಗಿನ ಶಾಖ ಅದನ್ನು ಬಳಸಲು ಬಿಡುತ್ತಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಹೆಚ್ಚುವರಿ ಹಣ ತೆತ್ತು ಐ9 ಕೊಂಡವರು ಸಹಜವಾಗಿಯೇ ಕೆರಳಿದರು.

ಬಿಸಿ ಏರಿದರೆ ವೇಗ ಇಳಿಯುವುದೇಕೆ?

ಪ್ರೊಸೆಸರ್ ವೇಗವಾಗಿ ದುಡಿದಷ್ಟೂ ಹೆಚ್ಚು ವಿದ್ಯುತ್ ಬಳಸುತ್ತದೆ. ಆ ವಿದ್ಯುತ್ ಕಟ್ಟಕಡೆಗೆ ಶಾಖವಾಗಿ ಪರಿವರ್ತನೆಯಾಗುತ್ತದೆ. ತಾಮ್ರದ ಕೊಳವೆಗಳು ಹಾಗೂ ಪುಟ್ಟ ಫ್ಯಾನ್‌ಗಳು ಆ ಶಾಖವನ್ನು ಹೊರಹಾಕಬೇಕು. ಹೊರಹೋಗುವುದಕ್ಕಿಂತ ಹೆಚ್ಚು ಶಾಖ ಉತ್ಪತ್ತಿಯಾದಲ್ಲಿ ತಾಪಮಾನ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಆಗ ಪ್ರೊಸೆಸರ್ ತನ್ನನ್ನು ರಕ್ಷಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇದನ್ನೇ ತಾಂತ್ರಿಕ ಭಾಷೆಯಲ್ಲಿ 'ಥ್ರಾಟ್ಲಿಂಗ್' ಎನ್ನುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇದು ಸರ್ವೇಸಾಮಾನ್ಯ. ಗರಿಷ್ಠ ವೇಗ ಅಲ್ಪಾವಧಿಗಷ್ಟೇ ಎಂಬುದನ್ನು ವೃತ್ತಿಪರರೂ ಬಲ್ಲರು. ಆದರೆ ಇಲ್ಲಿ ವೇಗವು 2.9 ಗಿಗಾಹರ್ಟ್ಸ್ ಎಂಬ ಮೂಲ ಮಟ್ಟಕ್ಕಿಂತಲೂ ಕೆಳಗೆ ಕುಸಿಯುತ್ತಿತ್ತು. ಜಾಹೀರಾತಿನಲ್ಲಿ ಹೇಳಿದ ಕನಿಷ್ಠ ಭರವಸೆಯೂ ಈಡೇರಲಿಲ್ಲ ಎಂಬುದೇ ಆಕ್ರೋಶಕ್ಕೆ ಕಾರಣ.

ಇದರಲ್ಲಿ ಇಂಟೆಲ್‌ನ ಪಾತ್ರವೂ ಇತ್ತು. ಅದರ 10 ನ್ಯಾನೋಮೀಟರ್ ತಯಾರಿಕಾ ತಂತ್ರಜ್ಞಾನ ವರ್ಷಗಟ್ಟಲೆ ವಿಳಂಬವಾಗಿ, ಹಳೆಯ 14 ನ್ಯಾನೋಮೀಟರ್ ವಿಧಾನದಲ್ಲೇ ಕೋರ್‌ಗಳನ್ನು ಹೆಚ್ಚಿಸುವ ಅನಿವಾರ್ಯ ಎದುರಾಗಿತ್ತು. ಕೋರ್‌ಗಳು ಹೆಚ್ಚಿದವು, ಶಾಖ ಹೆಚ್ಚಿತು; ಅದನ್ನು ತಾಳಿಕೊಳ್ಳಬೇಕಾದ ಕವಚ ಮಾತ್ರ ನಾಲ್ಕು ಕೋರ್‌ಗಳ ಕಾಲದ್ದೇ ಆಗಿತ್ತು.

ಜುಲೈ 24ರಂದು ಆಪಲ್ ಮೌನ ಮುರಿಯಿತು. ಶಾಖ ನಿರ್ವಹಣೆಗೆ ಸಂಬಂಧಿಸಿದ ಫರ್ಮ್‌ವೇರ್‌ನಲ್ಲಿ ಡಿಜಿಟಲ್ ಕೀಲಿಯೊಂದು ಬಿಟ್ಟುಹೋಗಿದ್ದು, ಭಾರೀ ಕೆಲಸದ ವೇಳೆ ವೇಗ ಅನಗತ್ಯವಾಗಿ ಕುಸಿಯಲು ಅದೇ ಕಾರಣ ಎಂದು ಕಂಪನಿ ಒಪ್ಪಿಕೊಂಡಿತು. ತಿದ್ದುಪಡಿ ತಂತ್ರಾಂಶ ಅದೇ ದಿನ ಬಿಡುಗಡೆಯಾಯಿತು. ಅದನ್ನು ಅಳವಡಿಸಿದ ಬಳಿಕ ಪರೀಕ್ಷೆಗಳಲ್ಲಿ ವೇಗ ಗಣನೀಯವಾಗಿ ಸುಧಾರಿಸಿತು. ಆದರೆ ತಂತ್ರಾಂಶದ ದೋಷ ನಿವಾರಣೆಯಾಯಿತೇ ಹೊರತು ಕವಚದ ಮಿತಿ ಹಾಗೆಯೇ ಉಳಿಯಿತು.

ಕೀಲಿಮಣೆಯ ಗೋಳು

ಶಾಖದ ವಿವಾದಕ್ಕಿಂತ ದೀರ್ಘಕಾಲ ಕಾಡಿದ್ದು ಕೀಲಿಮಣೆ. ಯಂತ್ರವನ್ನು ತೆಳುವಾಗಿಸಲು ಬಳಸಿದ 'ಬಟರ್‌ಫ್ಲೈ' ಕೀಲಿಗಳ ಅಡಿ ಧೂಳಿನ ಕಣ ಸೇರಿದರೂ ಗುಂಡಿ ಸಿಕ್ಕಿಬೀಳುವುದು, ಒಂದು ಅಕ್ಷರ ಎರಡು ಬಾರಿ ಮೂಡುವುದು ಅಥವಾ ಮೂಡದೇ ಇರುವುದು ಸಂಭವಿಸುತ್ತಿತ್ತು. ಕೀಲಿಮಣೆ ಯಂತ್ರದ ಮೇಲ್ಕವಚಕ್ಕೆ ಬೆಸೆದುಕೊಂಡಿದ್ದರಿಂದ ಹಲವು ಸಂದರ್ಭಗಳಲ್ಲಿ ಬ್ಯಾಟರಿ ಸಮೇತ ಇಡೀ ಭಾಗವನ್ನೇ ಬದಲಿಸಬೇಕಾಗುತ್ತಿತ್ತು. ನ್ಯಾಯಾಲಯದಲ್ಲಿ ಮೊಕದ್ದಮೆಗಳು ದಾಖಲಾದ ಬೆನ್ನಲ್ಲೇ, 2018ರ ಜೂನ್ 22ರಂದು ಆಪಲ್ ಹಳೆಯ ಮಾದರಿಗಳಿಗೆ ಖರೀದಿಯ ದಿನದಿಂದ ನಾಲ್ಕು ವರ್ಷಗಳ ಉಚಿತ ದುರಸ್ತಿ ಯೋಜನೆ ಪ್ರಕಟಿಸಿತ್ತು.

ಮೂರು ವಾರಗಳ ನಂತರ ಬಂದ ಹೊಸ ಮಾದರಿಯಲ್ಲಿ ಕೀಲಿಮಣೆ ಮೊದಲಿಗಿಂತ ನಿಶ್ಶಬ್ದವಾಗಿದೆ ಎಂದಷ್ಟೇ ಕಂಪನಿ ಹೇಳಿಕೊಂಡಿತು. ಆದರೆ ಯಂತ್ರಗಳನ್ನು ಬಿಚ್ಚಿ ಪರಿಶೀಲಿಸುವ 'ಐಫಿಕ್ಸಿಟ್' ಸಂಸ್ಥೆಯವರಿಗೆ ಪ್ರತಿ ಕೀಲಿಯ ಅಡಿಯಲ್ಲೂ ತೆಳುವಾದ ಸಿಲಿಕೋನ್ ಪೊರೆ ಕಂಡುಬಂದಿತು. ಧೂಳು ತಡೆಯುವುದೇ ಅದರ ಉದ್ದೇಶವೆಂಬುದು ಆಪಲ್‌ನ ಆಂತರಿಕ ದುರಸ್ತಿ ಕೈಪಿಡಿಯಿಂದಲೂ ಬಯಲಾಯಿತು. ದೋಷವನ್ನು ಸರಿಪಡಿಸಲು ಯತ್ನಿಸಿದ್ದೇವೆ ಎಂದು ಬಾಯಿಬಿಟ್ಟು ಹೇಳಿದರೆ ಹಳೆಯ ದೋಷವನ್ನು ಒಪ್ಪಿಕೊಂಡಂತಾಗುತ್ತದೆ ಎಂಬ ಇಕ್ಕಟ್ಟು ಇದರ ಹಿಂದಿತ್ತೆಂದು ಹಲವು ವಿಮರ್ಶಕರು ವಿಶ್ಲೇಷಿಸಿದರು.

ಪೊರೆಯಿಂದ ಸಮಸ್ಯೆ ಪೂರ್ತಿ ನಿವಾರಣೆಯಾಗಲಿಲ್ಲ. 2019ರ ಮಾರ್ಚ್‌ನಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಅಂಕಣಕಾರ್ತಿ ಜೊಆನಾ ಸ್ಟರ್ನ್ ತಮ್ಮ ಯಂತ್ರದಲ್ಲಿ ಕೈಕೊಟ್ಟ 'ಇ' ಮತ್ತು 'ಆರ್' ಅಕ್ಷರಗಳನ್ನು ಬಿಟ್ಟೇ ಅಂಕಣ ಪ್ರಕಟಿಸಿದರು. ಆಗ ಆಪಲ್, ಅಲ್ಪಸಂಖ್ಯೆಯ ಗ್ರಾಹಕರಿಗೆ ತೊಂದರೆಯಾಗುತ್ತಿದೆ ಎಂದು ಒಪ್ಪಿ ವಿಷಾದ ವ್ಯಕ್ತಪಡಿಸಿತು. ಅದೇ ವರ್ಷ ಮೇ ತಿಂಗಳಲ್ಲಿ 2018ರ ಮಾದರಿಗಳೂ ಉಚಿತ ದುರಸ್ತಿ ಯೋಜನೆಗೆ ಸೇರ್ಪಡೆಯಾದವು.

ಮೊಕದ್ದಮೆಯು 2022ರಲ್ಲಿ 5 ಕೋಟಿ ಡಾಲರ್‌ಗಳ ರಾಜಿಯಲ್ಲಿ ಇತ್ಯರ್ಥಗೊಂಡಿತು. ಪದೇ ಪದೇ ದುರಸ್ತಿ ಮಾಡಿಸಿಕೊಂಡವರಿಗೆ ಗರಿಷ್ಠ 395 ಡಾಲರ್ ನಿಗದಿಯಾಯಿತು. ಆದರೆ ಈ ಪರಿಹಾರ ಅಮೆರಿಕದ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ ಸೀಮಿತವಾಗಿತ್ತು. ಅದೇ ಯಂತ್ರವನ್ನು ಭಾರತದಲ್ಲಿ ಕೊಂಡವರಿಗೆ ಈ ಹಣದಲ್ಲಿ ಪಾಲಿರಲಿಲ್ಲ.

ಪರ-ವಿರೋಧ

ಎಲ್ಲ ಪ್ರತಿಕ್ರಿಯೆಗಳೂ ಟೀಕೆಯಾಗಿರಲಿಲ್ಲ ಎಂಬುದು ಗಮನಾರ್ಹ. 13 ಇಂಚಿನ ಮಾದರಿಯ ವೇಗವರ್ಧನೆಯನ್ನು ವಿಮರ್ಶಕರು ಮೆಚ್ಚಿದರು. ಸಂಗ್ರಹ ಘಟಕದ ವೇಗ ಹಾಗೂ ಪರದೆಯ ಗುಣಮಟ್ಟಕ್ಕೂ ಪ್ರಶಂಸೆ ದೊರೆಯಿತು. ಪ್ರತಿ ಪರಿಷ್ಕರಣೆಯಲ್ಲೂ ಕವಚವನ್ನೇ ಬದಲಿಸುವುದು ಯಾವ ತಯಾರಕರಿಗೂ ಸಾಧ್ಯವಿಲ್ಲ, ಹೊಸ ವಿನ್ಯಾಸವೊಂದಕ್ಕೆ ವರ್ಷಗಳ ಸಿದ್ಧತೆ ಬೇಕು ಎಂಬ ವಾದದಲ್ಲೂ ಹುರುಳಿದೆ.

ಆದರೆ ವೃತ್ತಿಪರರ ಲೆಕ್ಕಾಚಾರವೇ ಬೇರೆ. ಮನೆಬಳಕೆಯ ಯಂತ್ರ ಒಂದು ದಿನ ಕೆಟ್ಟರೆ ಅದು ಕಿರಿಕಿರಿ. ಕಸುಬಿನ ಯಂತ್ರ ಒಂದು ವಾರ ದುರಸ್ತಿಗೆ ಹೋದರೆ ಅದು ಕಳೆದುಹೋದ ಕೂಲಿ. ತಮಗೆ ಒಗ್ಗಿದ ತಂತ್ರಾಂಶಗಳು, ವರ್ಷಗಳ ಕಡತಗಳು ಹಾಗೂ ಕೈಗೆ ಕೂತ ಅಭ್ಯಾಸಗಳನ್ನು ತೊರೆದು ಬೇರೆ ಕಂಪನಿಯ ಯಂತ್ರಕ್ಕೆ ಹೋಗುವುದು ಅವರಿಗೆ ಸುಲಭವಲ್ಲ. ಸಾಧಾರಣ ಪರಿಷ್ಕರಣೆಗೂ ಅವರು ಅಷ್ಟೊಂದು ಕಾತರದಿಂದ ಪ್ರತಿಕ್ರಿಯಿಸುವುದು ಈ ಕಾರಣಕ್ಕೇ.

ಮುಂದೇನಾಯಿತು?

ಉತ್ತರ ನಿಧಾನವಾಗಿಯಾದರೂ ಬಂದಿತು. 2019ರ ನವೆಂಬರ್ 13ರಂದು ಪ್ರಕಟವಾದ 16 ಇಂಚಿನ ಮಾದರಿಯಲ್ಲಿ ಹಳೆಯ ಕತ್ತರಿ ಮಾದರಿಯ ಕೀಲಿಮಣೆ ಹಾಗೂ ಪ್ರತ್ಯೇಕ ಎಸ್ಕೇಪ್ ಗುಂಡಿ ಮರಳಿದವು. ಶಾಖ ಹೀರುವ ಭಾಗವನ್ನು ಶೇ 35ರಷ್ಟು ಹಿಗ್ಗಿಸಲಾಯಿತು. ಯಂತ್ರ ಕೊಂಚ ದಪ್ಪವೂ ಆಯಿತು, ಎರಡು ಕೆ.ಜಿ. ತೂಕವನ್ನೂ ಮುಟ್ಟಿತು. 2021ರ ಅಕ್ಟೋಬರ್ 18ರಂದು ಆಪಲ್ ತನ್ನದೇ ಪ್ರೊಸೆಸರ್‌ಗಳೊಂದಿಗೆ ಹೊರತಂದ ಮಾದರಿಗಳಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ ಮತ್ತು ಮ್ಯಾಗ್‌ಸೇಫ್ ವಾಪಸಾದವು. ಟಚ್ ಬಾರ್ ನಿರ್ಗಮಿಸಿತು. 2016ರಲ್ಲಿ ತೆಗೆದುಹಾಕಿದ ಬಹುಪಾಲು ವಸ್ತುಗಳು ಐದು ವರ್ಷಗಳ ಬಳಿಕ ಮರಳಿ ಬಂದಂತಾಯಿತು.

2023ರ ಜನವರಿ 17ರಂದು ಕಂಪನಿಯು ಮತ್ತೊಂದು ಸಾಧಾರಣ ಪರಿಷ್ಕರಣೆ ಪ್ರಕಟಿಸಿತು. ಆಗಲೂ ಕವಚ ಹಿಂದಿನದೇ, ಪ್ರೊಸೆಸರ್ ಮಾತ್ರ ಹೊಸದು. 512 ಜಿಬಿ ಮಾದರಿಯ ಸಂಗ್ರಹದ ವೇಗ ತಗ್ಗಿದೆ ಎಂಬ ಆಕ್ಷೇಪ ಕೇಳಿಬಂದಿತಾದರೂ 2018ರಂತಹ ಕೋಲಾಹಲ ಏಳಲಿಲ್ಲ. ಹೊಸ ಪ್ರೊಸೆಸರ್‌ನ ಶಾಖವನ್ನು ತಾಳಿಕೊಳ್ಳುವ ಶಕ್ತಿ ಆ ಕವಚಕ್ಕಿತ್ತು, ಕೀಲಿಗಳು ಸಿಕ್ಕಿಬೀಳುತ್ತಿರಲಿಲ್ಲ.

ಕಸುಬಿಗಾಗಿ ಲ್ಯಾಪ್‌ಟಾಪ್ ಕೊಳ್ಳುವವರು ಈ ಪ್ರಕರಣದಿಂದ ಕಲಿಯಬೇಕಾದದ್ದಿದೆ. ಕೆಲವು ಸೆಕೆಂಡುಗಳ ಗರಿಷ್ಠ ವೇಗಕ್ಕಿಂತ ಅರ್ಧ ಗಂಟೆಯ ಸತತ ಕೆಲಸದ ವೇಗ ಮುಖ್ಯ. ಪ್ರೊಸೆಸರ್‌ನ ಹೆಸರನ್ನು ನೋಡಿದಂತೆಯೇ, ಅದೇ ಪ್ರೊಸೆಸರ್ ಆ ನಿರ್ದಿಷ್ಟ ಕವಚದಲ್ಲಿ ಹೇಗೆ ದುಡಿಯುತ್ತದೆಂಬ ಸ್ವತಂತ್ರ ಪರೀಕ್ಷೆಗಳನ್ನೂ ನೋಡಬೇಕು. ಕೀಲಿಮಣೆ ಅಥವಾ ಬ್ಯಾಟರಿ ಕೆಟ್ಟರೆ ಅದೊಂದನ್ನೇ ಬದಲಿಸಬಹುದೇ, ಅದಕ್ಕೆ ಎಷ್ಟು ದಿನ ಮತ್ತು ಎಷ್ಟು ಹಣ ಬೇಕು ಎಂಬುದನ್ನು ಹಣ ಕಟ್ಟುವ ಮೊದಲೇ ಅಂಗಡಿಯಲ್ಲಿ ಕೇಳಿ ತಿಳಿಯುವುದು ಒಳಿತು. ಹೊಸ ಮಾದರಿ ಬಿಡುಗಡೆಯಾದ ದಿನವೇ ಕೊಳ್ಳದೆ ಎರಡು ವಾರ ಕಾದವರಿಗೆ, 2018ರ ಜುಲೈನಲ್ಲಿ ಈ ಪ್ರಶ್ನೆಗಳಲ್ಲಿ ಕೆಲವಕ್ಕಾದರೂ ಉತ್ತರ ಸಿಕ್ಕಿತ್ತು.