ಮುದುಕರಿಗೆ ಇನ್ನೇನು ಹಲ್ಲು ಅಂತೀರಾ?

"ಮ್ಯಾಲಿನ ಹಲ್ಲ ಕಿತ್ತಿದ್ರ ಕಣ್ಣ ಹೋಗ್ತಾವಂತ." ಇಂಡಿ, ಸಿಂದಗಿ ಕಡೆಯ ಹಿರಿಯರನ್ನು ಹಲ್ಲಿನ ಡಾಕ್ಟರ ಕುರ್ಚಿಗೆ ಹತ್ತಿಸಬೇಕೆಂದರೆ ಮೊದಲು ಎದುರಾಗುವ ಮಾತು ಇದು. ಮೇಲಿನ ಹಲ್ಲುಗಳಿಗೆ ಬರುವುದು ಮುಖದ ಸ್ಪರ್ಶ, ನೋವು ತಿಳಿಸುವ ನರದ ಕವಲು. ದೃಷ್ಟಿಯ ನರವೇ ಬೇರೆ, ಅದು ಕಣ್ಣುಗುಡ್ಡೆಯ ಹಿಂದಿನಿಂದ ಮಿದುಳಿಗೆ ಹೋಗುತ್ತದೆ. ಆದರೆ ಹಲ್ಲು ಕೀಳಿಸುವ ವಯಸ್ಸಿನಲ್ಲೇ ಕಣ್ಣಿಗೆ ಪೊರೆಯೂ ಬರುತ್ತದೆ. ಹಲ್ಲು ಹೋದ ವರ್ಷ ಕಣ್ಣು ಮಂಜಾದರೆ ತಪ್ಪು ಡಾಕ್ಟರ ತಲೆಗೆ. ನಿಜಕ್ಕೂ ಹೆದರಬೇಕಾದದ್ದು ಕೀಳಿಸದೆ ಬಿಟ್ಟ ಕೀವಿನ ಹಲ್ಲಿಗೆ. ಅದರ ಸೋಂಕು ಕಣ್ಣಿನ ಕೆಳಗಿನ ತನಕ ಬಾವು ಏರಿಸಬಲ್ಲದು.

ಹಲ್ಲು ಕ್ಲೀನ್ ಮಾಡಿಸಿದರೆ ಅಳ್ಳಾಡುತ್ತವೆ ಎನ್ನುವವರೂ ಬಹಳ. ಅವು ಮೊದಲೇ ಅಳ್ಳಾಡುತ್ತಿರುತ್ತವೆ. ವಸಡಿನ ರೋಗದಿಂದ ಒಳಗಿನ ಎಲುಬು ಕರಗಿರುತ್ತದೆ, ವರ್ಷಗಟ್ಟಲೆ ಕಟ್ಟಿದ ಗಾರೆ ಸಂದು ಮುಚ್ಚಿರುತ್ತದೆ. ಗಾರೆ ತೆಗೆದ ಮೇಲೆ ಸಂದು ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ, ಅಷ್ಟೇ.

ಇನ್ನು ಮಶೇರಿ. ಸೊಲ್ಲಾಪುರದ ಗಡಿಗೆ ಅಂಟಿದ ಊರುಗಳಲ್ಲಿ ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಲ್ಲಿ ಹಲ್ಲಿಗೆ ತಿಕ್ಕುವ ಅಜ್ಜಿಯರಿದ್ದಾರೆ. "ಹಲ್ಲು ಗಟ್ಟಿ ಆಗ್ತಾವ, ನೋವು ಹೋಗ್ತದ" ಎನ್ನುತ್ತಾರೆ. ನೋವು ಮರೆಯುವುದು ನಿಕೋಟಿನ್ ಮತ್ತಿನಿಂದ. ಒಳಗೆ ವಸಡು ಹಾಳಾಗುತ್ತಲೇ ಇರುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿಯಾಗುತ್ತದೆ. ಬಾಯೊಳಗಿನ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ನೋವಿಲ್ಲದಿದ್ದರೂ ತೋರಿಸಲೇಬೇಕು.

ಶುಗರ್, ಬಿಪಿ ಇದ್ದವರು ಹಲ್ಲು ಕೀಳಿಸಬಾರದೆಂಬುದು ಅರ್ಧ ಸತ್ಯ. ಹತೋಟಿಯಲ್ಲಿದ್ದರೆ ಕೀಳಿಸಬಹುದು. ವಸಡಿನ ಸೋಂಕು ಹಾಗೇ ಉಳಿದರೆ ಶುಗರ್ ಇಳಿಯುವುದೂ ಕಷ್ಟ. ನುಂಗುವ ಗುಳಿಗೆಗಳ ಚೀಟಿ ಒಯ್ಯಿರಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇವೆಲ್ಲ ಹಿರಿಯರ ಭಯಗಳು. ಅದಕ್ಕಿಂತ ಕೆಟ್ಟದ್ದು ಮನೆಯ ಕಿರಿಯರ ನಂಬಿಕೆ: ವಯಸ್ಸಾದ ಮೇಲೆ ಹಲ್ಲು ಬೀಳೋದೇ, ಅದಕ್ಕೆ ಯಾಕ ದವಾಖಾನಿ? ವಯಸ್ಸು ತಾನಾಗಿ ಹಲ್ಲು ಬೀಳಿಸುವುದಿಲ್ಲ. ಹುಳುಕು, ವಸಡಿನ ರೋಗ, ತಂಬಾಕು ಬೀಳಿಸುತ್ತವೆ. ಹಲ್ಲು ಹೋದ ಅಜ್ಜನ ತಾಟಿನಿಂದ ಮೊದಲು ಕಟಕ ರೊಟ್ಟಿ, ಆಮೇಲೆ ಸೇಂಗಾ, ಹಸಿ ಉಳ್ಳಾಗಡ್ಡಿ, ಸೌತಿಕಾಯಿ ಜಾರುತ್ತವೆ. ಕೊನೆಗೆ ಉಳಿಯುವುದು ಹಾಲಿನಲ್ಲಿ ನೆನೆಸಿದ ರೊಟ್ಟಿ. ಅಜ್ಜ ಸೊರಗಿದ್ದಕ್ಕೆ ಟಾನಿಕ್ ತರುತ್ತೇವೆ, ಬಾಯಿ ಮಾತ್ರ ನೋಡುವುದಿಲ್ಲ.

"ಹಲ್ಲಿನ ಸೆಟ್ ರೊಕ್ಕ ಇದ್ದವರಿಗೆ" ಎನ್ನುವುದೂ ಪೂರ್ತಿ ಸರಿಯಲ್ಲ. ರಾಜ್ಯ ಸರ್ಕಾರ 2014-15ರಲ್ಲಿ ತಂದ ದಂತ ಭಾಗ್ಯ ಯೋಜನೆ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ ಕೊಡಿಸಲೆಂದೇ ಹುಟ್ಟಿದ್ದು. ಮೊದಲು 60 ದಾಟಿದವರಿಗಿತ್ತು, ನಂತರ ವಯೋಮಿತಿ 45ಕ್ಕೆ ಇಳಿಯಿತು. ಈಗ ಯಾರಿಗೆ, ಎಲ್ಲಿ ಸಿಗುತ್ತದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ, ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ.

ಕಾಗದದ ಮೇಲಿನ ಉಚಿತಕ್ಕೂ ಬಾಯಿಗೆ ಬರುವ ಸೆಟ್ಟಿಗೂ ನಡುವೆ ದಾರಿ ಇದೆ, ಅದನ್ನೂ ಹೇಳಬೇಕು. ಅಳತೆ, ಕಚ್ಚುವ ಮಟ್ಟ, ಟ್ರಯಲ್, ಸೆಟ್ ಕೊಡುವುದು, ಆಮೇಲೆ ಒತ್ತಿದಲ್ಲಿ ತಿದ್ದುವುದು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ದಂತ ಕಾಲೇಜು ಇರುವ ವಿಜಯಪುರಕ್ಕೆ ಬಸವನ ಬಾಗೇವಾಡಿಯಿಂದ 45 ಕಿಲೋಮೀಟರ್ ಆಸುಪಾಸು, ಮುದ್ದೇಬಿಹಾಳದಿಂದ ಹತ್ತಿರ ಹತ್ತಿರ 80. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ. ಅಜ್ಜನಿಗಿದೆ, ಜೊತೆಗೆ ಬರುವ ಮಗನಿಗೂ ಇದೆ, ಮೇಲೆ ಅವನ ಒಂದು ದಿನದ ಪಗಾರವೂ ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಶುರು ಮಾಡಿದರೆ ನಡುವೆ ಕೈಬಿಡುವ ಸಂಭವ ಕಡಿಮೆ.